ಬೊಹೀಮಿಯದ ಮಾಣಿಕ್ಯಗಾಜು: ಕರ್ತೃವಿಚಾರ

ಇಂದಿನ ಚೆಕ್ ಗಣರಾಜ್ಯಕ್ಕೆ ಸೇರಿದ ಬೊಹೀಮಿಯ ದೇಶದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮಾಣಿಕ್ಯವರ್ಣದ ಪಾನಪಾತ್ರೆಗಳು ಹೇರಳವಾಗಿ ಹುಟ್ಟಿದುವು. ಅವುಗಳಲ್ಲಿ ಹೊರಗಿನ ಕೆಂಪನ್ನು ಕೊರೆದು ಒಳಗಿನ ತಿಳಿಗಾಜನ್ನು ಕಾಣಿಸಿದ ಬಗೆಯೊಂದುಂಟು. ಇಂಥದೊಂದು ದೊರೆತೊಡನೆ ಏಗರ್ಮನ್ನನದೆಂದೋ ಮೋಸರನದೆಂದೋ ಹೇಳಿಬಿಡುವುದು ವಾಡಿಕೆ. ಈ ವಾಡಿಕೆಗೆ ಆಧಾರವೆಷ್ಟೆಂಬುದೇ ಪ್ರಕೃತ ವಿಚಾರ.

ಮೊದಲು ಪರೀಕ್ಷಿಸತಕ್ಕದ್ದು ಉಪಾದಾನವನ್ನು. ಕರಗಿದ ಕೆಂಪುಗಾಜಿನ ಪದರವನ್ನೇ ಕುಲುಮೆಯಲ್ಲಿ ತಿಳಿಗಾಜಿಗೆ ಹೊದಿಸುವುದು ಒಂದು ಕ್ರಮ. ಸಿದ್ಧವಾದ ಪಾತ್ರೆಗೆ ತಾಮ್ರದ ಲೇಪವನ್ನು ಹಚ್ಚಿ ಮರಳಿ ಬೆಂಕಿಗೆ ಕೊಟ್ಟು ಮೈಗೆ ಮಾತ್ರ ಬಣ್ಣ ಹತ್ತಿಸುವುದು ಇನ್ನೊಂದು. ಹೊದಿಕೆಯಾದರೆ ಕೊರೆದ ಅಂಚಿನಲ್ಲಿ ಪದರದ ದಪ್ಪವು ಭೂತಗನ್ನಡಿಗೆ ಸ್ಪಷ್ಟವಾಗಿ ತೋರುವುದು. ಲೇಪವಾದರೆ ದಪ್ಪವೇ ಕಾಣದು. ಫ್ರೀಡ್ರಿಷ್ ಏಗರ್ಮನ್ (1777–1864) ಎಂಬಾತನು ಹೈಡ ಪಟ್ಟಣದ (ಇಂದಿನ ನೋವಿ ಬೋರ್) ಪ್ರಾಂತದಲ್ಲಿ 1830ರ ದಶಕದಲ್ಲಿ ಸಾಧಿಸಿದ್ದು ಈ ಎರಡನೆಯದನ್ನು. ದಪ್ಪ ಪದರದ ಪಾತ್ರೆಗೆ ಆತನ ಹೆಸರನ್ನು ಅಂಟಿಸುವವರು ಆತನ ಕೀರ್ತಿಗೆ ಕಾರಣವಾದ ವಿದ್ಯೆಯನ್ನೇ ಮರೆತವರು. ಲೇಪವಿದ್ದ ಮಾತ್ರಕ್ಕೆ ಆತನದೇ ಎನ್ನುವಂತೆಯೂ ಇಲ್ಲ. ಆ ವಿಧಾನವು ಸುತ್ತಣ ಕಾರ್ಯಾಗಾರಗಳಿಗೆ ಬೇಗನೆ ಹಬ್ಬಿತು.

ಘಟವನ್ನು ಕಂಡು ಕುಲಾಲನನ್ನು ಊಹಿಸುವ ತಾರ್ಕಿಕರ ನ್ಯಾಯವು ಇಲ್ಲಿ ನೇರವಾಗಿ ಸಲ್ಲದು. ಗಾಜನ್ನು ಊದಿದವರು ಕಾಡಿನ ಕುಲುಮೆಯವರು. ಆ ಬರಿಯ ಪಾತ್ರೆಗಳನ್ನು ಕೊಂಡ ವರ್ತಕರು, ಹೈಡ, ಶ್ಟೈನ್‌ಶೋನೌ ಮೊದಲಾದ ಊರುಗಳಲ್ಲಿ ತಮ್ಮ ತಮ್ಮ ಮನೆಗಳಲ್ಲಿಯೇ ಚಕ್ರವಿಟ್ಟುಕೊಂಡು ಅರೆಯುವವರಿಗೂ ಕೆತ್ತುವವರಿಗೂ ಕೊಟ್ಟು ಕೆಲಸಮಾಡಿಸಿ ದೂರದೇಶಗಳಿಗೆ ಮಾರಿದರು. ಹೀಗೆ ಒಂದು ಬಟ್ಟಲಿಗೆ ಕರ್ತರು ಮೂವರು ನಾಲ್ವರು. ಹೆಸರುಳಿದದ್ದು ಬಹುಮಟ್ಟಿಗೆ ಮಾರಿದವನದು. ಲುಡ್ವಿಗ್ ಮೋಸರನು 1857ರಲ್ಲಿ ಕಾರ್ಲ್ಸ್‌ಬಾಡಿನಲ್ಲಿ ತೊಡಗಿದ್ದು ಕೆತ್ತನೆ ಮತ್ತು ಮಾರಾಟದಲ್ಲಿ. ಆತನ ಸ್ವಂತ ಕುಲುಮೆ 1893ರದು. ಅದಕ್ಕೂ ಮುಂಚಿನ ಗಾಜನ್ನು ಆತನು ಊದಿಸಿದನೆನ್ನುವುದು ಕಾಲವಿರುದ್ಧ.

ಪಾತ್ರೆಯ ಮೇಲೆ ಕಾರ್ಲ್ಸ್‌ಬಾಡ್, ಫ್ರಾನ್ಸೆನ್ಸ್‌ಬಾಡ್ ಎಂದು ಕೆತ್ತಿದ್ದರೆ ಅದು ಬುಗ್ಗೆಯ ನೀರು ಸೇವಿಸಲು ಹೋದವನು ಕೊಂಡ ನೆನಪಿನ ಗುರುತು, ಹುಟ್ಟಿದೂರಿನ ಸಾಕ್ಷಿಯಲ್ಲ. ಕಾಶಿಯಿಂದ ತಂದ ಗಂಗಾಜಲದ ತಂಬಿಗೆ ಕಾಶಿಯಲ್ಲಿಯೇ ತಯಾರಾಗಿರಬೇಕೆಂಬ ನಿಯಮವುಂಟೆ?

ಕೆತ್ತನೆಯ ಕೈವಾಡವನ್ನು ನೋಡಿ ನಿರ್ಣಯಿಸುವುದೂ ಅಪಾಯಕರವೇ. ಶ್ಟೈನ್‌ಶೋನೌವಿನ ಕಾರ್ಲ್ ಪ್ಫೋಲನ (1826–1894) ಕುದುರೆಗಳು ಪ್ರಸಿದ್ಧವಾದುದರಿಂದ ಕುದುರೆಯಿರುವ ಪಾತ್ರೆಗಳೆಲ್ಲ ಅವನ ಪಾಲಿಗೆ ಬರತೊಡಗಿದುವು. ದೇಶವೇ ತಪ್ಪಬಹುದು: ಜರ್ಮನಿಯಿಂದ ವಲಸೆಹೋದ ಲೂಯಿ ವೌಪೆಲನು ಅಮೆರಿಕದ ಕೇಂಬ್ರಿಜ್ ಊರಿನ ನ್ಯೂ ಇಂಗ್ಲೆಂಡ್ ಗ್ಲಾಸ್ ಕಂಪನಿಯಲ್ಲಿ ಕೆತ್ತಿದ ಕೆಂಪು ಬಟ್ಟಲುಗಳು ಬೊಹೀಮಿಯದವೆಂದೇ ತೋರುವುವು.

ದೃಢವಾದ ಪ್ರಮಾಣವೆಂದರೆ ಲಿಖಿತವೇ. 1712ರಿಂದ ಪ್ರಸಿದ್ಧವಾದ ನೋಯ್‌ವೆಲ್ಟಿನ ಹರಾಖ್ ಕಾರ್ಖಾನೆಯ ಮಾದರಿ ಪುಸ್ತಕಗಳು ಉಳಿದಿವೆ. ಪಾತ್ರೆಯ ಆಕಾರವೂ ಅಡಿಯಲ್ಲಿ ಬರೆದ ಸಂಖ್ಯೆಯೂ ಅವುಗಳೊಡನೆ ಕೂಡಿಬಂದರೆ ಹರಾಖ್ ಎಂದು ನಿಶ್ಶಂಕೆಯಾಗಿ ಹೇಳಬಹುದು. ಸಹಿಯೂ ಸಂಖ್ಯೆಯೂ ಇಲ್ಲದವುಗಳ ಚೀಟಿಯಲ್ಲಿ ಪದರವೋ ಲೇಪವೋ ಎಂಬುದನ್ನೂ, ಪ್ರಾಂತವನ್ನೂ, ಸುಮಾರು ದಶಕವನ್ನೂ ಬರೆದು, ಕರ್ತೃವಿನ ಸ್ಥಳವನ್ನು ಖಾಲಿ ಬಿಡತಕ್ಕದ್ದು.