ಚಿನ್ನದ ಗಣಿಯಲ್ಲಿ ಪ್ರೋಟಾನಿನ ಪರೀಕ್ಷೆ

ನಮ್ಮ ಕೊಳವಳ್ಳಿಯ ಬದಿಯಲ್ಲಿ ಹರಿಯುವ ಕಬಿನಿ ಗಡಿ ದಾಟಿ ನಂಜನಗೂಡು ಮುಟ್ಟುವ ಹೊತ್ತಿಗೆ ಕಪಿಲೆ ಎನಿಸಿಕೊಳ್ಳುತ್ತದೆ. ಆ ನಂಜನಗೂಡಿನಲ್ಲಿ 1925ರಲ್ಲಿ ಬಿ.ವಿ. ಶ್ರೀಕಂಠನ್ ಹುಟ್ಟಿದರು. 1928ರಲ್ಲಿ ಮಂಗಳೂರಿನಲ್ಲಿ, ಮಲಯಾಳಿ ಕುಟುಂಬದಲ್ಲಿ, ಎಂ.ಜಿ.ಕೆ. ಮೆನನ್ ಹುಟ್ಟಿದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಮೊದಲು ಮೆನನ್, ಅವರ ನಂತರ ಶ್ರೀಕಂಠನ್ ನಿರ್ದೇಶಕರಾದರು. ಕೋಲಾರದ ಚಿನ್ನದ ಗಣಿಯಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ ಇಬ್ಬರ ಪಾಲೂ ಇದೆ.

ಪರಮಾಣುವಿನ ಬೀಜದಲ್ಲಿ ಪ್ರೋಟಾನ್, ನ್ಯೂಟ್ರಾನ್ ಎಂಬ ಕಣಗಳಿವೆ. ಒಂಟಿ ನ್ಯೂಟ್ರಾನ್ ಸರಾಸರಿ ಹದಿನೈದು ನಿಮಿಷದಲ್ಲಿ ಅಳಿಯುತ್ತದೆ; ಕಬ್ಬಿಣದ ಬೀಜದೊಳಗೆ ಕೂಡಿಕೊಂಡರೆ ಬಾಳುತ್ತದೆ. ನ್ಯೂಟ್ರಾನ್ ಅತಿಯಾದರೆ ಬೀಜವೇ ನಿಲ್ಲದು. ಮೂರು ಪ್ರೋಟಾನಿಗೆ ಎಂಟು ನ್ಯೂಟ್ರಾನ್ ಇರುವ ಲಿಥಿಯಂ-11, ಸೆಕೆಂಡಿನ ಸುಮಾರು ನೂರನೆಯ ಒಂದು ಪಾಲಿನಲ್ಲಿ ಅರ್ಧಕ್ಕಿಳಿಯುತ್ತದೆ. ಪ್ರೋಟಾನ್ ಮಾತ್ರ ಶಾಶ್ವತವೆಂಬ ನಂಬಿಕೆಯಿತ್ತು. ಭಾರತದ ಜೋಗೇಶ್ ಪತಿ, ಪಾಕಿಸ್ತಾನದ ಅಬ್ದುಸ್ ಸಲಾಂ 1973ರಲ್ಲಿ ಅದೂ ಅಳಿಯಬಹುದೆಂದರು. ಮರುವರ್ಷ ಅಮೆರಿಕದಲ್ಲಿ ಇನ್ನೂ ಸರಳವಾದ ಸಿದ್ಧಾಂತವೊಂದು ಬಂತು. ಅದರ ಪ್ರಕಾರ ಪ್ರೋಟಾನಿನ ಆಯುಷ್ಯ, 1ರ ಮುಂದೆ ಸುಮಾರು 31 ಸೊನ್ನೆ ಇಟ್ಟಷ್ಟು ವರ್ಷ.

ಅಷ್ಟು ಕಾಲ ಕಾಯುವವರು ಯಾರು? ಒಂದು ಕಣದ ಬದಲು ಅಸಂಖ್ಯ ಕಣಗಳನ್ನು ಒಟ್ಟಿಗೆ ಕಾದರಾಯಿತು. 1980ರಲ್ಲಿ ಭಾರತ-ಜಪಾನ್ ತಂಡ ಗಣಿಯ 2.3 ಕಿ.ಮೀ. ಆಳದಲ್ಲಿ 140 ಟನ್ ಕಬ್ಬಿಣದ ಉಪಕರಣ ಹೂಡಿತು. ಆ ಅಂದಾಜು ನಿಜವಾದರೆ ಅಷ್ಟು ಕಬ್ಬಿಣದಲ್ಲಿ ವರ್ಷಕ್ಕೆ ಏಳೆಂಟು ಕಣಗಳಾದರೂ ಅಳಿಯಬೇಕು. ಮೇಲಿನ ಕಲ್ಲು ವಿಶ್ವಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತಿತ್ತು.

ಅಳಿವಿನ ಗುರುತಿರಬಹುದಾದ ಕೆಲವು ಘಟನೆಗಳನ್ನು ತಂಡ ಪ್ರಕಟಿಸಿತು. ಆದರೆ ಕಲ್ಲನ್ನೂ ತೂರಿ ಬರುವ ನ್ಯೂಟ್ರಿನೋ ಅಂಥದೇ ಗುರುತು ಬಿಡಬಲ್ಲದು. 1965ರಲ್ಲಿ ಅದನ್ನು ಹಿಡಿದದ್ದೂ ಇದೇ ಗಣಿಯಲ್ಲಿ. ಅಳಿವಿನಿಂದ ಹುಟ್ಟಿದ ಕಣವನ್ನು ಕಬ್ಬಿಣದ ಬೀಜವೇ ನುಂಗಿಬಿಡುವುದೂ ಉಂಟು. ಅಮೆರಿಕ, ಜಪಾನಿನ ಭಾರಿ ನೀರಿನ ತೊಟ್ಟಿಗಳಲ್ಲಿ ಅಳಿವು ಕಾಣಲಿಲ್ಲ. ಆ ಸರಳ ಸಿದ್ಧಾಂತ ಬಿದ್ದುಹೋಯಿತು. ಪ್ರೋಟಾನ್ ಅಳಿಯುವುದೇ ಆದರೆ, ಮುಖ್ಯವಾದೊಂದು ಬಗೆಯಲ್ಲಿ ಅದಕ್ಕೆ 1ರ ಮುಂದೆ 34 ಸೊನ್ನೆಗೂ ಮೀರಿದ ವರ್ಷ ಬೇಕೆಂದು ಜಪಾನಿನ ಅಳತೆಗಳು ಈಗ ಹೇಳುತ್ತವೆ.

ಗಣಿ 2001ರಲ್ಲಿ ಮುಚ್ಚಿತು. ಮೆನನ್ 2016ರಲ್ಲಿ, ಶ್ರೀಕಂಠನ್ 2019ರಲ್ಲಿ ತೀರಿಕೊಂಡರು. ಪ್ರಶ್ನೆ ಇನ್ನೂ ಜೀವಂತವಾಗಿದೆ.

ಮನೆಮಾತು ಒಂದು, ಶಾಲೆಯ ಮಾತು ಇನ್ನೊಂದಾದರೆ ಮಕ್ಕಳು ವಿಜ್ಞಾನದಲ್ಲಿ ಹಿಂದೆ ಬೀಳುತ್ತಾರೆಂಬ ಅಳುಕು ನಮ್ಮ ಮನೆಗಳಲ್ಲಿದೆ. ಆ ಅಳುಕಿಗೆ ನನ್ನ ಉತ್ತರ ಈ ಚರಿತ್ರೆಯೇ. ಜಗತ್ತು ಕೇಳಿದ ಪ್ರಶ್ನೆಯೊಂದನ್ನು ಕನ್ನಡ ನೆಲದ ಆಳದಲ್ಲಿ ಒರೆಗೆ ಹಚ್ಚಿದವರು ಬೇರೆ ಬೇರೆ ಮನೆಮಾತಿನವರು.