ಮರ ಉಜ್ಜುವಾಗ ಏಳುವ ಪುಡಿ: ಕಣ್ಣಿಗೆ ಕಾಣದ್ದೇ ಹೆಚ್ಚು ಅಪಾಯ

ಬಾಗಿಲು, ಮೇಜು, ಕಪಾಟುಗಳಿಗೆ ಪಾಲಿಶ್ ಹಚ್ಚುವ ಮೊದಲು ಮರವನ್ನು ಸ್ಯಾಂಡ್‌ಪೇಪರ್‌ನಿಂದ ಅಥವಾ ಸ್ಯಾಂಡಿಂಗ್ ಮಷಿನ್‌ನಿಂದ ಉಜ್ಜಿ ನುಣುಪು ಮಾಡುತ್ತಾರೆ. ಗರಗಸದ ಹಾಗೆ ಬೆರಳು ಕತ್ತರಿಸುವ ಹಲ್ಲುಗಳಿಲ್ಲದ ಕಾರಣ ಇದು ಸುರಕ್ಷಿತ ಕೆಲಸ ಎನಿಸುತ್ತದೆ. ಇಲ್ಲಿನ ಅಪಾಯ ಇರುವುದು ಉಸಿರಿನೊಂದಿಗೆ ಒಳಹೋಗುವ ಪುಡಿಯಲ್ಲಿ.

ಪುಡಿಯಿಂದ ಏನಾಗುತ್ತದೆ?

ಗರಗಸದ ಹೊಟ್ಟು ಬೇಗ ನೆಲಕ್ಕೆ ಬೀಳುತ್ತದೆ. ಉಜ್ಜಿದಾಗ ಬರುವ ನುಣ್ಣನೆಯ ಪುಡಿ ಮಷಿನ್ ನಿಲ್ಲಿಸಿದ ಮೇಲೂ ಬಹಳ ಹೊತ್ತು ಗಾಳಿಯಲ್ಲಿ ತೇಲುತ್ತದೆ. ದೊಡ್ಡ ಕಣಗಳು ಮೂಗಿನಲ್ಲೇ ಉಳಿಯುತ್ತವೆ. 5 ಮೈಕ್ರಾನ್‌ಗಿಂತ ಸಣ್ಣವು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು. ಇದರಿಂದ ಸೀನು, ಕೆಮ್ಮು, ಕಣ್ಣುರಿ, ಅಸ್ತಮಾ ಬರಬಹುದು. ತೇಗ ಮತ್ತು ಬೀಟೆ ಮರಗಳಲ್ಲಿರುವ ಸಹಜ ರಾಸಾಯನಿಕಗಳು ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತವೆ. ಎಂಡಿಎಫ್ ಹಲಗೆಯ ಪುಡಿಯಲ್ಲಿ ಫಾರ್ಮಾಲ್ಡಿಹೈಡ್ ಇರುವ ಅಂಟೂ ಸೇರಿರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1995ರಲ್ಲಿ ಮರದ ಪುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಇದು ಮುಖ್ಯವಾಗಿ ಮೂಗು ಮತ್ತು ಸೈನಸ್‌ಗಳ ಕ್ಯಾನ್ಸರ್. ಕಾಯಿಲೆ ಅಪರೂಪದ್ದು, ವರ್ಷಗಟ್ಟಲೆ ಪುಡಿಯಲ್ಲೇ ದುಡಿಯುವವರಿಗೆ ಅಪಾಯ ಹೆಚ್ಚು. ಒಂದು ದಿನ ಮನೆಯ ಮೇಜು ಉಜ್ಜಿದ್ದಕ್ಕೆ ಗಾಬರಿಪಡಬೇಕಿಲ್ಲ.

ಏನು ಮಾಡಬೇಕು?

• ಪುಡಿ ಎಳೆದುಕೊಳ್ಳುವ ವ್ಯಾಕ್ಯೂಮ್ ಜೋಡಿಸಿದ ಮಷಿನ್ ಬಳಸಿ. ಮಷಿನ್‌ಗೆ ಅಂಟಿರುವ ಚಿಕ್ಕ ಚೀಲವೊಂದೇ ಸಾಲದು.
• ಎನ್95 ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರಬೇಕು. ಗಡ್ಡವಿದ್ದರೆ ಅಂಚಿನಿಂದ ಗಾಳಿ ನುಸುಳುತ್ತದೆ. ಕರ್ಚೀಫು, ಬಟ್ಟೆಯ ಮಾಸ್ಕ್ ಸಣ್ಣ ಪುಡಿಯನ್ನು ಸರಿಯಾಗಿ ತಡೆಯುವುದಿಲ್ಲ.
• ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಇರಲಿ. ಸ್ಯಾಂಡ್‌ಪೇಪರ್ ಬದಲಿಸುವ ಮೊದಲು ಪ್ಲಗ್ ಕೀಳಿ. ಬೆಲ್ಟ್ ತಿರುಗುವ ಮಷಿನ್ ಹತ್ತಿರ ಸಡಿಲ ತೋಳು, ದಾರ, ಬಳೆ ಬೇಡ.
• ಒಣ ಪೊರಕೆಯಿಂದ ಗುಡಿಸಬೇಡಿ, ಮೈಮೇಲಿನ ಪುಡಿಯನ್ನು ಗಾಳಿ ಊದಿ ತೆಗೆಯಬೇಡಿ. ವ್ಯಾಕ್ಯೂಮ್ ಅಥವಾ ಒದ್ದೆ ಬಟ್ಟೆಯಿಂದ ತೆಗೆಯಿರಿ.
• ಊಟಕ್ಕೆ ಮುಂಚೆ ಕೈ, ಮುಖ ತೊಳೆಯಿರಿ. ಕೆಲಸದ ಬಟ್ಟೆ ಬದಲಿಸಿಯೇ ಮಕ್ಕಳನ್ನು ಎತ್ತಿಕೊಳ್ಳಿ.

ಫ್ಲ್ಯಾಟ್‌ನಲ್ಲಿ ಕೆಲಸ ನಡೆಯುತ್ತಿದ್ದರೆ

ಉಜ್ಜುವ ಕೋಣೆಯ ಬಾಗಿಲು ಮುಚ್ಚಿ, ಹೊರಗಿನ ಕಿಟಕಿ ತೆರೆದಿಡಿ. ಅಸ್ತಮಾ ಇರುವವರು, ಮಕ್ಕಳು, ಗರ್ಭಿಣಿಯರು ಅಲ್ಲಿಂದ ದೂರವಿರಲಿ. ಬಡಗಿಗೂ ಮಾಸ್ಕ್ ಕೊಡಿ. ನಿಮ್ಮ ಮನೆಯ ಕೆಲಸ ತಿಂಗಳಲ್ಲಿ ಮುಗಿಯಬಹುದು, ಅವರು ಪುಡಿಯಲ್ಲಿ ದುಡಿಯುವುದು ವರ್ಷವಿಡೀ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಮನೆಬಳಕೆಯ ಬಣ್ಣಗಳಲ್ಲಿ ಸೀಸಕ್ಕೆ 90 ಪಿಪಿಎಂ ಮಿತಿ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದ ಹಾಗೆಯೇ ಮಷಿನ್‌ನಿಂದ ಉಜ್ಜಿಸಬೇಡಿ. ನೀರು ಹಚ್ಚಿ ಕೈಯಿಂದಲೇ ಉಜ್ಜಬೇಕು.

ವೈದ್ಯರನ್ನು ಯಾವಾಗ ಕಾಣಬೇಕು?

ಕೆಲಸದ ದಿನಗಳಲ್ಲಿ ಕೆಮ್ಮು, ಉಬ್ಬಸ ಹೆಚ್ಚಾಗಿ ರಜೆಯಲ್ಲಿ ಕಡಿಮೆಯಾದರೆ ವೈದ್ಯರನ್ನು ಕಾಣಿ. ಮೂಗಿನ ಒಂದೇ ಹೊಳ್ಳೆ ವಾರಗಟ್ಟಲೆ ಕಟ್ಟಿಕೊಂಡಿದ್ದರೆ ಅಥವಾ ಪದೇ ಪದೇ ರಕ್ತ ಬಂದರೆ ಇಎನ್‌ಟಿ ತಜ್ಞರಿಗೆ ತಡಮಾಡದೆ ತೋರಿಸಿ. ನೀವು ಮಾಡುವ ಕೆಲಸ ಯಾವುದು, ಎಷ್ಟು ವರ್ಷದಿಂದ ಎಂಬುದನ್ನು ಅವರು ಕೇಳದಿದ್ದರೂ ಹೇಳಿ.