ನೀರು ಕುಡಿದು ಉರಿಯುವ ದೀಪ

– ಹಳೆಯ ವಿದ್ಯಾರ್ಥಿ (2005ರ ಎಸ್.ಎಸ್.ಎಲ್.ಸಿ. ತಂಡ), ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿತು, ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಫೋನ್ ಮಾಡಿದಾಗ ನನಗೆ ಮೊದಲು ನೆನಪಾದದ್ದು ಬಾಕಿ ಉಳಿದ ಒಂದು ಹೋಂವರ್ಕ್. ಹತ್ತನೇ ತರಗತಿಯಲ್ಲಿ ವಿಜ್ಞಾನದ ಮೇಷ್ಟ್ರು ಕೇಳಿದ ಒಂದು ಪ್ರಶ್ನೆಗೆ ನಾನು ಉತ್ತರ ಬರೆಯಲೇ ಇಲ್ಲ. ಇಪ್ಪತ್ತು ವರ್ಷ ತಡವಾಗಿ ಈಗ ಬರೆಯುತ್ತಿದ್ದೇನೆ.

ಪ್ರಶ್ನೆ ಹುಟ್ಟಿದ್ದು ನಮ್ಮ ತಪ್ಪಿನಿಂದ. ಇಂಗಾಲದ ಸಂಯುಕ್ತಗಳ ಪಾಠ ನಡೆಯುತ್ತಿದ್ದ ದಿನಗಳು. ನಾವು ಮೂವರು ಹುಡುಗರು ಗ್ಯಾಸ್ ವೆಲ್ಡಿಂಗ್ ಮಾಡುವ ಕಡೆ ಬಿದ್ದಿದ್ದ ಕಾರ್ಬೈಡ್ ಚೂರುಗಳನ್ನು ಆರಿಸಿ ತಂದು, ಆಟದ ಮೈದಾನದ ಹಿಂದೆ ತಗಡಿನ ಡಬ್ಬಿಯಲ್ಲಿ ನೀರು ಹಾಕಿ ಮುಚ್ಚಿದೆವು. ಮುಚ್ಚಳ ಗಟ್ಟಿಯಾಗಿ ಒತ್ತಿದವನು ನಾನು. ಏನಾಯಿತೆಂದು ಬಗ್ಗಿ ನೋಡಿದವನು ನನ್ನ ಬೆಂಚಿನ ಗೆಳೆಯ. ಮುಚ್ಚಳ ಹಾರಿ ಅವನ ಹುಬ್ಬಿಗೆ ಬಡಿಯಿತು. ಅರ್ಧ ಅಂಗುಲ ಕೆಳಗೆ ಬಡಿದಿದ್ದರೆ ಕಣ್ಣೇ ಹೋಗುತ್ತಿತ್ತು. ನಾಲ್ಕು ಹೊಲಿಗೆ ಬಿತ್ತು. ಆ ಗುರುತು ಇಂದಿಗೂ ಇದೆ. ಅವನು ನಗುತ್ತಲೇ ತೋರಿಸುತ್ತಾನೆ, ನನಗೆ ಮಾತ್ರ ನಗು ಬರುವುದಿಲ್ಲ.

ಮಾರನೆಯ ದಿನ ಬೆತ್ತದ ಏಟಿಗೆ ಸಿದ್ಧನಾಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದೆ. ಮೇಷ್ಟ್ರು ಬೆತ್ತ ಎತ್ತಲಿಲ್ಲ. "ನಿಮ್ಮ ತಾತ ಜಾತ್ರೆಗೆ ಗ್ಯಾಸ್ ದೀಪ ಒಯ್ಯುತ್ತಿದ್ದರಲ್ಲ, ಅದು ಇನ್ನೂ ಇದೆಯೇನೋ?" ಎಂದರು. ಅಟ್ಟದ ಮೇಲೆ ಇದೆ ಅಂದೆ. "ನಾಳೆ ದೀಪವನ್ನೂ ತಾ, ತಾತನನ್ನೂ ಕರೆದುಕೊಂಡು ಬಾ."

ನನ್ನ ತಾತ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವರು. ಸುತ್ತಲಿನ ಜಾತ್ರೆಗಳಲ್ಲಿ ಕಡಲೆಪುರಿ, ಬೆಂಡು ಬತ್ತಾಸು ಮಾರಿ ಸಂಸಾರ ಸಾಕಿದವರು. ಅವರು ಒಗೆದ ಪಂಚೆ ಉಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಹೈಸ್ಕೂಲಿನ ಮೆಟ್ಟಿಲನ್ನು ಮೊದಲ ಸಲ ಹತ್ತಿದರು. "ಬನ್ನಿ ಯಜಮಾನ್ರೇ" ಎಂದು ಮೇಷ್ಟ್ರು ತಮ್ಮ ಕುರ್ಚಿಯನ್ನೇ ಕೊಟ್ಟರು. ತಾತ ಕೂರಲಿಲ್ಲ. ಕಿಟಕಿ ಬಾಗಿಲು ತೆಗೆಸಿ, ದೀಪದ ಕೆಳಗಿನ ಡಬ್ಬಿಗೆ ಕಾರ್ಬೈಡ್ ಹಾಕಿ, ಮೇಲಿನ ಡಬ್ಬಿಗೆ ನೀರು ತುಂಬಿ, ತಿರುಪನ್ನು ಒಂದಿಷ್ಟೇ ತಿರುಗಿಸಿ ಕಾದರು. ಬೆಳ್ಳುಳ್ಳಿ ಕೊಳೆತಂಥ ವಾಸನೆ ಬಂತು. ಕಡ್ಡಿ ಗೀರಿದರು. ಹಾಲಿನಂಥ ಬಿಳಿ ಬೆಳಕು! "ನೀರು ಜಾಸ್ತಿ ಬಿಟ್ರೆ ರೇಗ್ತದೆ, ಕಮ್ಮಿ ಬಿಟ್ರೆ ಮುನಿಸ್ಕೊತದೆ ಮೇಷ್ಟ್ರೇ. ಮಗೂನ ನೋಡ್ಕೊಂಡಂಗೆ ನೋಡ್ಕೋಬೇಕು" ಎಂದರು ತಾತ.

ಮೇಷ್ಟ್ರು ನಮ್ಮ ಕಡೆ ತಿರುಗಿದರು. "ಅದೇ ಕಾರ್ಬೈಡು, ಅದೇ ನೀರು. ಈ ದೀಪ ಮೂವತ್ತು ವರ್ಷ ಜಾತ್ರೆ ಬೆಳಗಿತು. ನಿಮ್ಮ ಡಬ್ಬಿ ಒಂದು ನಿಮಿಷದಲ್ಲಿ ಒಬ್ಬನ ಹಣೆ ಒಡೆಯಿತು. ವ್ಯತ್ಯಾಸ ಏನು? ಬರೆದುಕೊಂಡು ಬನ್ನಿ."

ಪರೀಕ್ಷೆಯ ಗಡಿಬಿಡಿಯಲ್ಲಿ ಅದು ಅಲ್ಲಿಗೇ ನಿಂತಿತು.

ಬೇರೇನೋ ಹುಡುಕುವಾಗ ಸಿಕ್ಕ ಕಲ್ಲು

ಅಸಿಟಿಲೀನ್ ಅನಿಲವನ್ನು ಮೊದಲು ಗುರುತಿಸಿದವನು ಎಡ್ಮಂಡ್ ಡೇವಿ, 1836ರಲ್ಲಿ. ಗಣಿಗಳ ಸುರಕ್ಷಾ ದೀಪದಿಂದ ಪ್ರಸಿದ್ಧನಾದ ಹಂಫ್ರಿ ಡೇವಿಯ ದಾಯಾದಿ ಈತ. 1860ರಲ್ಲಿ ಫ್ರಾನ್ಸಿನ ಬರ್ತಲೋ ಅದಕ್ಕೆ ಅಸಿಟಿಲೀನ್ ಎಂದು ಹೆಸರಿಟ್ಟ. 1862ರಲ್ಲಿ ಜರ್ಮನಿಯ ವೋಲರ್ ಕ್ಯಾಲ್ಸಿಯಂ ಕಾರ್ಬೈಡ್ ತಯಾರಿಸಿ, ಅದು ನೀರಿಗೆ ಬಿದ್ದರೆ ಇದೇ ಅನಿಲ ಬರುತ್ತದೆ ಎಂದು ಕಂಡುಕೊಂಡ. ಆದರೆ ಇದೆಲ್ಲ ಪ್ರಯೋಗಶಾಲೆಯ ಚಿಟಿಕೆ ಲೆಕ್ಕ. ಮುಂದಿನ ಮೂವತ್ತು ವರ್ಷ ಅದರಿಂದ ಯಾರ ಮನೆಯ ದೀಪವೂ ಉರಿಯಲಿಲ್ಲ.

ಕಾರ್ಬೈಡ್ ಮಣಗಟ್ಟಲೆ ಸಿಗುವಂತಾದದ್ದು ಆಕಸ್ಮಿಕವಾಗಿ. ಕೆನಡಾದ ಥಾಮಸ್ ವಿಲ್ಸನ್ ಎಂಬ ಯುವಕ, ಅಮೆರಿಕದ ಉತ್ತರ ಕೆರೊಲಿನಾದ ಸ್ಪ್ರೇ ಎಂಬ ಊರಿನಲ್ಲಿ, ಜೇಮ್ಸ್ ಮೋರ್‌ಹೆಡ್ ಎಂಬ ಉದ್ಯಮಿಯ ಜೊತೆಗೂಡಿ ವಿದ್ಯುತ್ ಕುಲುಮೆ ಹಾಕಿದ್ದ. ಅಲ್ಯೂಮಿನಿಯಂ ಅನ್ನು ಅಗ್ಗವಾಗಿ ತಯಾರಿಸಬೇಕೆಂಬುದು ಆಸೆ. ಅದಕ್ಕೆ ಕ್ಯಾಲ್ಸಿಯಂ ಲೋಹ ಬೇಕಿತ್ತು. 1892ರ ಮೇ 2ರಂದು ಸುಣ್ಣವನ್ನೂ ಕಲ್ಲಿದ್ದಲಿನ ಡಾಂಬರನ್ನೂ ಕುಲುಮೆಗೆ ಹಾಕಿದ. ಹೊರಬಂದದ್ದು ಲೋಹವಲ್ಲ, ಕಪ್ಪಗಿನ ಪೆಡಸು ಗಟ್ಟಿ. ನೀರಿಗೆ ಹಾಕಿದರೆ ಬುಸುಗುಟ್ಟಿ ಅನಿಲ ಬಂತು. ಕ್ಯಾಲ್ಸಿಯಂ ಆಗಿದ್ದರೆ ಬರಬೇಕಾದದ್ದು ಹೈಡ್ರೋಜನ್. ಅದರ ಉರಿ ಕಣ್ಣಿಗೆ ಕಂಡೂ ಕಾಣದಂತೆ ಇರುತ್ತದೆ. ಇದಕ್ಕೆ ಬೆಂಕಿ ತಾಗಿಸಿದಾಗ ಕಪ್ಪು ಮಸಿ ಕಾರುತ್ತ ಪ್ರಖರವಾಗಿ ಉರಿಯಿತು. ಲಾರ್ಡ್ ಕೆಲ್ವಿನ್ ಅವರಿಗೆ ಮಾದರಿ ಕಳಿಸಿದಾಗ ಅದು ಕ್ಯಾಲ್ಸಿಯಂ ಕಾರ್ಬೈಡ್ ಎಂಬುದು ಖಚಿತವಾಯಿತು. ಅದೇ ವರ್ಷ ಫ್ರಾನ್ಸಿನಲ್ಲಿ ಆನ್ರಿ ಮೊಯ್ಸಾನ್ ಕೂಡ ಸ್ವತಂತ್ರವಾಗಿ ಕುಲುಮೆಯಲ್ಲಿ ಕಾರ್ಬೈಡ್ ಪಡೆದಿದ್ದ.

ಕೆಲವೇ ವರ್ಷಗಳಲ್ಲಿ ಜಲವಿದ್ಯುತ್ ಅಗ್ಗವಾಗಿ ಸಿಗುವ ನಯಾಗರದಂಥ ಕಡೆ ಕಾರ್ಖಾನೆಗಳು ಬಂದವು. 1898ರಲ್ಲಿ ಹುಟ್ಟಿದ ಯೂನಿಯನ್ ಕಾರ್ಬೈಡ್ ಕಂಪನಿಯ ಹೆಸರಿನಲ್ಲಿರುವುದು ಇದೇ ಕಾರ್ಬೈಡ್. ನಾವೆಲ್ಲ ಆ ಹೆಸರು ಕೇಳಿದ್ದು 1984ರ ಭೋಪಾಲ್ ದುರಂತದಿಂದ. ಅಲ್ಲಿ ಸೋರಿದ ವಿಷಾನಿಲ ಬೇರೆ, ಕಂಪನಿಯ ಮೂಲ ಮಾತ್ರ ದೀಪಕ್ಕೆ ಬೇಕಾದ ಈ ಕಲ್ಲು.

ನೂರಕ್ಕೆ ನೂರರ ಲೆಕ್ಕ

ಮಕ್ಕಳು ನೆನಪಿಡಲು ಸುಲಭವಾದ ಒಂದು ಲೆಕ್ಕ ಹೇಳುತ್ತೇನೆ. 64 ಗ್ರಾಂ ಶುದ್ಧ ಕಾರ್ಬೈಡ್ 36 ಗ್ರಾಂ ನೀರಿನೊಂದಿಗೆ ಸೇರಿದರೆ 26 ಗ್ರಾಂ ಅಸಿಟಿಲೀನ್ ಮತ್ತು 74 ಗ್ರಾಂ ಅರಳಿದ ಸುಣ್ಣ ಆಗುತ್ತದೆ. ಈ ಕಡೆ ನೂರು, ಆ ಕಡೆ ನೂರು. ಏನೂ ಕಳೆಯಲಿಲ್ಲ, ಏನೂ ಹೊಸದಾಗಿ ಹುಟ್ಟಲಿಲ್ಲ. ಆದರೆ ಆ 26 ಗ್ರಾಂ ಅನಿಲ ಕೋಣೆಯ ಉಷ್ಣತೆಯಲ್ಲಿ ಆಕ್ರಮಿಸುವ ಜಾಗ ಸುಮಾರು 24 ಲೀಟರ್. ಅಂದರೆ ಒಂದು ಹಿಡಿ ಕಲ್ಲಿನೊಳಗೆ ಎರಡು ಕೊಡದಷ್ಟು ಗ್ಯಾಸ್ ಅಡಗಿದೆ ಎಂದಾಯಿತು. ಜೊತೆಗೆ ಬೇಕಾದಷ್ಟು ಶಾಖವೂ ಹೊರಬೀಳುತ್ತದೆ.

ಈ ಅನಿಲದ ತೂಕದಲ್ಲಿ ನೂರಕ್ಕೆ 92 ಪಾಲು ಇಂಗಾಲ. ಉರಿಯುವಾಗ ಇಂಗಾಲದ ಸೂಕ್ಷ್ಮ ಕಣಗಳು ಬಿಳಿಗಾವಿನಿಂದ ಹೊಳೆಯುತ್ತವೆ. ಸೀಮೆಎಣ್ಣೆ ಬುಡ್ಡಿಯ ಕೆಂಪು ಬೆಳಕಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಬೆಳ್ಳುಳ್ಳಿಯ ವಾಸನೆ ಅಸಿಟಿಲೀನಿನದಲ್ಲ, ಕಾರ್ಬೈಡಿನ ಕಲ್ಮಶದಿಂದ ಬರುವ ಫಾಸ್ಫೀನ್ ಮುಂತಾದ ಅನಿಲಗಳದ್ದು.

ದೀಪದ ಒಳಗೆ

1900ರ ಆಗಸ್ಟ್ 28ರಂದು ನ್ಯೂಯಾರ್ಕಿನ ಫ್ರೆಡರಿಕ್ ಬಾಲ್ಡ್‌ವಿನ್ ಇಂಥ ಒಂದು ಪುಟ್ಟ ದೀಪಕ್ಕೆ ಪೇಟೆಂಟ್ ಪಡೆದ. ಮುಂದೆ ಗಣಿ ಕಾರ್ಮಿಕರ ಟೋಪಿಯ ಮೇಲೆ ಕೂತದ್ದು ಇದೇ ಜಾತಿಯ ದೀಪ. ಸೈಕಲ್ಲಿಗೆ, ಕಾರಿಗೆ ಹಾಕಿದವೂ ಇದೇ ತತ್ವದವು. ಫೋರ್ಡ್ ಕಂಪನಿಯ ಮೊದಮೊದಲ ಮಾಡೆಲ್ ಟಿ ಕಾರುಗಳ ಪಕ್ಕದ ಹಲಗೆಯ ಮೇಲೆ ಕಾರ್ಬೈಡ್ ಡಬ್ಬಿ ಕೂತಿರುತ್ತಿತ್ತು.

ತಾತನ ದೀಪದ ರಚನೆಯೂ ಹಾಗೆಯೇ. ಮೇಲೆ ನೀರು, ಕೆಳಗೆ ಕಾರ್ಬೈಡ್, ನಡುವೆ ಸಣ್ಣ ಕೊಳವೆ. ತಿರುಪು ತಿರುಗಿಸಿದರೆ ನೀರು ತೊಟ್ಟುತೊಟ್ಟಾಗಿ ಇಳಿಯುತ್ತದೆ. ಹುಟ್ಟಿದ ಗ್ಯಾಸ್ ಬಟ್ಟೆಯಂಥ ಒಂದು ಸೋಸುಕದ ಮೂಲಕ ಹಾದು, ಸುಣ್ಣದ ಪುಡಿ ಬಿಟ್ಟು, ಸೂಜಿಮೊನೆಯಷ್ಟು ಸಣ್ಣ ರಂಧ್ರವಿರುವ ಮೂತಿಯಿಂದ ಹೊರಬರುತ್ತದೆ. ಸೈಕಲ್ಲು, ಕಾರುಗಳ ದೀಪದಲ್ಲಿ ಎರಡು ರಂಧ್ರಗಳು ಎದುರುಬದುರಾಗಿದ್ದು, ಎರಡು ಎಳೆ ಗ್ಯಾಸ್ ಡಿಕ್ಕಿ ಹೊಡೆದು ಬೀಸಣಿಗೆಯಂತೆ ಹರಡಿ ಉರಿಯುತ್ತಿತ್ತು. ಉರಿ ಮೂತಿಯಿಂದ ದೂರ ಇರುವುದರಿಂದ ಮಸಿ ಕಟ್ಟುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಅದು ನಮ್ಮ ತಗಡಿನ ಡಬ್ಬಿಯ ಅಣ್ಣನೇ. ದೀಪದ ಜಾಣತನ ಇರುವುದು ಮುಂದೆ. ಮೂತಿಯಿಂದ ಹೊರಹೋಗುವುದಕ್ಕಿಂತ ಹೆಚ್ಚು ಗ್ಯಾಸ್ ಹುಟ್ಟಿತು ಅನ್ನಿ. ಕೆಳಡಬ್ಬಿಯ ಒತ್ತಡ ಏರುತ್ತದೆ. ಆ ಒತ್ತಡ ಕೊಳವೆಯಲ್ಲಿ ಇಳಿಯುವ ನೀರನ್ನೇ ಎದುರು ನಿಂತು ತಡೆಯುತ್ತದೆ. ತೊಟ್ಟು ನಿಧಾನವಾಗುತ್ತದೆ, ಗ್ಯಾಸ್ ಹುಟ್ಟುವುದೂ ಕಡಿಮೆಯಾಗುತ್ತದೆ. ಉರಿದು ಒತ್ತಡ ಇಳಿದರೆ ನೀರು ಮತ್ತೆ ತೊಟ್ಟಿಕ್ಕುತ್ತದೆ. ಮೂತಿಯೇ ಕಟ್ಟಿಕೊಂಡರೆ ಗ್ಯಾಸ್ ಕೊಳವೆಯಲ್ಲಿ ಗುಳ್ಳೆಗುಳ್ಳೆಯಾಗಿ ಮೇಲೇರಿ, ನೀರಿನ ಮುಚ್ಚಳದಲ್ಲಿರುವ ಸಣ್ಣ ತೂತಿನಿಂದ ಆಚೆ ಹೋಗುತ್ತದೆ. ಉರಿಯುವಷ್ಟನ್ನೇ ಹುಟ್ಟಿಸು, ಮಿಕ್ಕದ್ದಕ್ಕೆ ದಾರಿ ಬಿಡು. ದೀಪದ ಸಂಸಾರ ನಡೆಯುವುದು ಹೀಗೆ.

ಅದಕ್ಕೂ ಮಿತಿಯಿತ್ತು. ನೀರು ನಿಲ್ಲಿಸಿದ ತಕ್ಷಣ ಗ್ಯಾಸ್ ನಿಲ್ಲುವುದಿಲ್ಲ. ಒದ್ದೆಯಾದ ಕಾರ್ಬೈಡ್ ಇನ್ನೂ ಸ್ವಲ್ಪ ಹೊತ್ತು ಉಸಿರು ಬಿಡುತ್ತಿರುತ್ತದೆ. ಸುಣ್ಣ ಉಬ್ಬುವುದರಿಂದ ಡಬ್ಬಿ ತುಂಬ ಕಾರ್ಬೈಡ್ ಹಾಕುವಂತಿಲ್ಲ. "ಅರ್ಧಕ್ಕಿಂತ ಮೇಲೆ ಹಾಕ್ಬಾರ್ದು" ಎಂದು ತಾತ ಹೇಳುತ್ತಿದ್ದರು. ಕಾರಣ ಅವರಿಗೆ ಪಾಠದಿಂದ ಗೊತ್ತಿರಲಿಲ್ಲ, ಕೈಗೆ ಗೊತ್ತಿತ್ತು. ಮೀಥೇನ್ ಸೇರುವ ಕಲ್ಲಿದ್ದಲ ಗಣಿಗಳಲ್ಲಂತೂ ಈ ಬಿಚ್ಚು ಉರಿ ಅಪಾಯಕಾರಿಯೇ ಆಗಿತ್ತು.

ತುಂಬಿಟ್ಟುಕೊಳ್ಳಬಾರದಿತ್ತೇ?

ಅಡುಗೆ ಅನಿಲದಂತೆ ಇದನ್ನೂ ಸಿಲಿಂಡರಿನಲ್ಲಿ ಒತ್ತಿ ತುಂಬಬಹುದಿತ್ತಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಆಗಿನವರಿಗೂ ಅನಿಸಿತು. ಆದರೆ ಅಸಿಟಿಲೀನ್ ಒತ್ತಡ ಸಹಿಸುವ ಅನಿಲವಲ್ಲ. ವಾತಾವರಣದ ಒತ್ತಡದ ಎರಡು ಪಟ್ಟು ದಾಟಿದರೆ, ಗಾಳಿಯ ನೆರವಿಲ್ಲದೆಯೂ ತನ್ನಷ್ಟಕ್ಕೆ ಒಡೆದು ಸಿಡಿಯಬಲ್ಲದು. ಅದನ್ನು ಒತ್ತಿ ದ್ರವ ಮಾಡಲು ಹೋದ ಕಡೆ ಸ್ಫೋಟಗಳಾಗಿ ಜೀವಗಳು ಹೋದವು. ಹಾಗಾಗಿ ಗ್ಯಾಸನ್ನು ಹೊತ್ತೊಯ್ಯುವ ಬದಲು ಕಲ್ಲನ್ನು ಹೊತ್ತೊಯ್ದು, ಬೇಕಾದಲ್ಲಿ, ಬೇಕಾದಾಗ ಹುಟ್ಟಿಸಿಕೊಳ್ಳುವುದೇ ಸುರಕ್ಷಿತ ದಾರಿಯಾಯಿತು.

ಆಮೇಲೆ ಇನ್ನೊಂದು ದಾರಿಯೂ ಸಿಕ್ಕಿತು. ಒಂದು ಲೀಟರ್ ಅಸಿಟೋನ್ ದ್ರವದಲ್ಲಿ ಸುಮಾರು 25 ಲೀಟರ್ ಅಸಿಟಿಲೀನ್ ಕರಗುತ್ತದೆ. ಸ್ವೀಡನ್ನಿನ ಗುಸ್ತಾಫ್ ಡಾಲೆನ್ ಸಿಲಿಂಡರಿನೊಳಗೆ ಸ್ಪಂಜಿನಂಥ ಗಟ್ಟಿ ಪದಾರ್ಥ ತುಂಬಿ, ಅದಕ್ಕೆ ಅಸಿಟೋನ್ ಕುಡಿಸಿ, ಅದರಲ್ಲಿ ಅಸಿಟಿಲೀನ್ ಇರಿಸುವ ವಿಧಾನವನ್ನು ಪಳಗಿಸಿದ. ಬಿಸಿಲು ಬಂದರೆ ದೀಪ ಆರಿಸಿ, ಕತ್ತಲಾದರೆ ಹಚ್ಚುವ ಸೂರ್ಯ ಕವಾಟವನ್ನು 1907ರಲ್ಲಿ ಕಂಡುಹಿಡಿದ. ಸಮುದ್ರ ತೀರದ ದೀಪಸ್ತಂಭಗಳು ಕಾವಲುಗಾರನಿಲ್ಲದೆ ಉರಿಯತೊಡಗಿದವು. 1912ರಲ್ಲಿ ಅವನಿಗೆ ಭೌತವಿಜ್ಞಾನದ ನೊಬೆಲ್ ಬಂತು. ಅದೇ ವರ್ಷ ಸಿಲಿಂಡರ್ ಪರೀಕ್ಷಿಸುವಾಗ ಆದ ಸ್ಫೋಟದಲ್ಲಿ ಎರಡೂ ಕಣ್ಣು ಹೋಗಿದ್ದವು. ಪ್ರಶಸ್ತಿ ಪಡೆಯಲು ಅವನ ಸಹೋದರ ಹೋದ. ಕುರುಡನಾದ ಮೇಲೂ 1937ರಲ್ಲಿ ತೀರಿಕೊಳ್ಳುವವರೆಗೆ ಡಾಲೆನ್ ತನ್ನ ಕಂಪನಿ ನಡೆಸಿದ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೆನಪಾದದ್ದು ಗೆಳೆಯನ ಹುಬ್ಬು.

ನಮ್ಮ ಕಡೆಯ ಬೆಳಕು

ಬಾಲ್ಡ್‌ವಿನ್ ಪೇಟೆಂಟ್ ಪಡೆದ ಎರಡೇ ವರ್ಷಕ್ಕೆ, 1902ರಲ್ಲಿ, ನಮ್ಮ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿ ತಲುಪಿತು. 1905ರಲ್ಲಿ ಬೆಂಗಳೂರಿಗೆ ಬಂತು. ಹಳ್ಳಿಗಳಿಗೆ ಬರಲು ಮಾತ್ರ ಇನ್ನೂ ಹಲವು ದಶಕ ಬೇಕಾಯಿತು. ಆ ನಡುವಿನ ಕತ್ತಲೆಯಲ್ಲಿ ಜಾತ್ರೆಯ ಅಂಗಡಿಗಳಿಗೆ ಬೆಳಕಾದದ್ದು ಇಂಥ ದೀಪಗಳು. ಹಿರಿಯರು ಇದನ್ನೂ ಪೆಟ್ರೋಮ್ಯಾಕ್ಸನ್ನೂ ಒಟ್ಟಿಗೆ 'ಗ್ಯಾಸ್ ಲೈಟು' ಎನ್ನುವುದುಂಟು. ಎರಡೂ ಬೇರೆ. ಪೆಟ್ರೋಮ್ಯಾಕ್ಸಿಗೆ ಸೀಮೆಎಣ್ಣೆ, ಪಂಪು, ಮ್ಯಾಂಟಲ್ ಬೇಕು. ಇದಕ್ಕೆ ಕಲ್ಲು ಮತ್ತು ನೀರು ಸಾಕು.

ಮೇಷ್ಟ್ರಿಗೆ ಉತ್ತರ

ನಾನು ಕೆಲಸ ಮಾಡುವ ಕಡೆ ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಅದು ತಾಳಲಾರದಷ್ಟು ಕೆಲಸ ಕಳಿಸಿದರೆ ಇಡೀ ವ್ಯವಸ್ಥೆಯೇ ಕುಸಿಯುತ್ತದೆ. ಆದ್ದರಿಂದ "ಸಾಕು, ನಿಧಾನ" ಎಂದು ಹಿಂದಕ್ಕೆ ಹೇಳುವ ಏರ್ಪಾಡು ಇಟ್ಟಿರುತ್ತೇವೆ. ಅದಕ್ಕೆ ನಮ್ಮವರು ಇಟ್ಟ ಹೆಸರು ಬ್ಯಾಕ್‌ಪ್ರೆಷರ್, ಅಂದರೆ ಹಿಮ್ಮುಖ ಒತ್ತಡ. ಆ ಪದ ಮೊದಲ ಸಲ ಕೇಳಿದಾಗ ಅರ್ಥ ಹೇಳಿಕೊಡಬೇಕಾಗಲಿಲ್ಲ. ತಾತನ ದೀಪ ಕಣ್ಣ ಮುಂದೆ ಬಂತು.

ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ದೀಪ ತನಗೆ ಬೇಕಾದಷ್ಟೇ ಗ್ಯಾಸ್ ಹುಟ್ಟಿಸಿಕೊಳ್ಳುತ್ತಿತ್ತು, ಮಿಕ್ಕದ್ದಕ್ಕೆ ದಾರಿ ಇಟ್ಟಿತ್ತು. ನಮ್ಮ ಡಬ್ಬಿಯಲ್ಲಿ ನೀರನ್ನು ತಡೆಯುವವರೂ ಇರಲಿಲ್ಲ, ಗ್ಯಾಸ್ ಹೋಗಲು ದಾರಿಯೂ ಇರಲಿಲ್ಲ. ಇದ್ದ ಒಂದು ದಾರಿಯನ್ನು ಗಟ್ಟಿಯಾಗಿ ಮುಚ್ಚಿದವನು ನಾನು.

ತಾತ ಈಗಿಲ್ಲ. ಅವರ ದೀಪವನ್ನು ತೊಳೆದು, ಸೋಸುಕ ಬದಲಿಸಿ, ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಪ್ರಯೋಗಾಲಯಕ್ಕೆ ಕೊಡುತ್ತಿದ್ದೇನೆ. ಹುಬ್ಬಿನ ಮೇಲೆ ಗುರುತಿರುವ ಗೆಳೆಯನೇ ಅದನ್ನು ಒಪ್ಪಿಸಲು ನನ್ನ ಜೊತೆ ಬರುತ್ತಾನೆ. ಮಕ್ಕಳು ಅದನ್ನು ಬಿಚ್ಚಿ ಜೋಡಿಸಿ ನೋಡಲಿ. ಹಚ್ಚುವುದಾದರೆ ಮೇಷ್ಟ್ರ ಎದುರಿಗೆ, ಕಿಟಕಿ ತೆಗೆದು. ಕಾರ್ಬೈಡನ್ನು ಡಬ್ಬಿಗೋ ಬಾಟಲಿಗೋ ಹಾಕಿ ಮುಚ್ಚುವ ಆಟ ಯಾರೂ ಆಡಬೇಡಿ.